ಎಡಗೈ ಹೊಲಿಗೆ

"ಗುರುಗಳೇ, ನಾಳೆ ಊರವರು ನನಗೆ ಸನ್ಮಾನ ಮಾಡುತ್ತಾರೆ. ನೆರವಾದವರ ಹೆಸರು ಹೇಳಿ ನಾಲ್ಕು ಮಾತಾಡು ಎನ್ನುತ್ತಾರೆ. ನನಗೆ ಯಾರೂ ನೆರವಾಗಲಿಲ್ಲ. ಇಲ್ಲದ ಹೆಸರನ್ನು ಹೇಳಿದರೆ ಸುಳ್ಳಾಗುವುದಿಲ್ಲವೇ?"

ಕೇಳಿದವನು ತಿಪ್ಪೇಶ ಎಂಬ ಶಿಷ್ಯ. ಶಾಲೆಯ ಮೆಟ್ಟಿಲು ಹತ್ತದೆ, ಕಲ್ಲುಗಣಿಯಲ್ಲಿ ದುಡಿಯುತ್ತಲೇ ಅಕ್ಷರ ಕಲಿತು, ದೊಡ್ಡ ಪರೀಕ್ಷೆಯೊಂದನ್ನು ಗೆದ್ದವನು. ಅವನ ಕೈಯಲ್ಲಿ ಭಾಷಣ ಬರೆದ ಕಾಗದವಿತ್ತು. ಗುರುಗಳು ಆ ಕಾಗದದ ಕಡೆ ನೋಡಲಿಲ್ಲ. ಕೂತುಕೊಳ್ಳುವಂತೆ ಕೈಸನ್ನೆ ಮಾಡಿ, ಕತೆ ಹೇಳಿದರು.

ಹೆದ್ದಾರಿ ಬದಿಯ ಊರಿನಲ್ಲಿ ಒಬ್ಬ ಹೊಲಿಗೆಯವಳಿದ್ದಳು. ರವಿಕೆ ಹೊಲಿಯುವವಳಲ್ಲ. ಲಾರಿಗೆ ಟಾರ್ಪಾಲು, ಆಟೋಗೆ ಹುಡ್ ಹೊಲಿಯುವವಳು. ಆ ದಾರಿಯಲ್ಲಿ ಮಳೆಗೆ ನೆನೆಯದೆ ಹೋಗುವ ಸರಕೆಲ್ಲ ಅವಳ ಹೊಲಿಗೆಯ ಕೆಳಗೇ ಹೋಗುತ್ತಿತ್ತು.

ಅವಳದೊಂದು ಪದ್ಧತಿಯಿತ್ತು. ಹೊಲಿದು ಮುಗಿದ ಟಾರ್ಪಾಲನ್ನು ನಡುಮಧ್ಯಾಹ್ನ ನಾಲ್ಕು ಗಳುಗಳ ಮೇಲೆ ಕಟ್ಟಿಸುತ್ತಿದ್ದಳು. ತಾನು ಅದರ ಕೆಳಗೆ ನಿಂತು ಮೇಲಕ್ಕೆ ನೋಡುತ್ತಿದ್ದಳು. ಎಲ್ಲಿ ಬೆಳಕಿನ ಚುಕ್ಕೆ ಕಂಡರೂ ಅಲ್ಲಿ ನಾಳೆ ನೀರು ಇಳಿಯುತ್ತದೆ. ಸಾಸಿವೆಯಷ್ಟು ಬೆಳಕು ಕಂಡರೂ ಹೊಲಿಗೆ ಬಿಚ್ಚಿಸುತ್ತಿದ್ದಳು. ಹದಿನಾಲ್ಕು ಯಂತ್ರಗಳ ಶೆಡ್ಡಿನಲ್ಲಿ ಅವಳ ಮಾತಿಗೆ ಎದುರು ಮಾತಿರಲಿಲ್ಲ.

ಅವಳು ಎಲ್ಲರಿಗೂ ಹೇಳುವ ಮಾತೊಂದಿತ್ತು. "ನಾನು ಒಬ್ಬಳೇ ಬಂದವಳು. ನಮ್ಮವರು ಅನ್ನೋರು ನನಗೆ ಒಂದು ಗುಂಡುಸೂಜಿಯನ್ನೂ ಕೊಟ್ಟಿಲ್ಲ."

ಅದು ಬರೀ ಬಡಾಯಿಯಲ್ಲ. ಗಂಡ ಲಾರಿಯಲ್ಲಿ ಕ್ಲೀನರ್ ಆಗಿದ್ದವನು, ತೀರಿಕೊಂಡ. ಆಗ ಅವಳು ಒಂದು ಹಳೆಯ ಯಂತ್ರವನ್ನು ತಲೆಯ ಮೇಲೆ ಹೊತ್ತು ತಂದು ಹೆದ್ದಾರಿಯ ಬೇವಿನ ಮರದ ಕೆಳಗೆ ಇಟ್ಟಳು. ಹೆಣ್ಣು ಹೆಂಗಸು ರಸ್ತೆ ಬದಿ ಕೂರುವುದೆಂದರೇನು ಎಂದು ಅತ್ತೆ ಬೈದಳು. ಮೈದುನ ಮಾತು ಬಿಟ್ಟ. ಹಿರಿಯ ಓರಗಿತ್ತಿ ಮಾತ್ರ ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಸುಮ್ಮನಿದ್ದಳು. ಆ ಮೌನವನ್ನೂ ಹೊಲಿಗೆಯವಳು ಬೈಗುಳದ ಲೆಕ್ಕಕ್ಕೇ ಸೇರಿಸಿಕೊಂಡಳು.

ಮೂರು ತಿಂಗಳು ಹರಿದ ಚೀಲ ಹೊಲಿದಳು. ಆಮೇಲೆ ಒಬ್ಬ ಲಾರಿ ಚಾಲಕ ಬಂದ. ಈರುಳ್ಳಿ ತುಂಬಿದ್ದೇನೆ, ನಾಳೆ ಸಂಜೆ ಹೊರಡಬೇಕು, ಹೊಸ ಟಾರ್ಪಾಲು ಬೇಕು ಎಂದ. ಊರಿನ ದರ್ಜಿಗಳೆಲ್ಲ ಒಂದು ದಿನಕ್ಕೆ ಆಗುವುದಿಲ್ಲ ಎಂದಿದ್ದರು. ಅವಳು ಆಗುತ್ತದೆ ಎಂದಳು. ಮರುದಿನ ಬೆಳಗಾಗುವಾಗ ಅವಳ ಮೈ ಕಾದ ಹೆಂಚಾಗಿತ್ತು. ಆದರೂ ಕೂತಳು. ಪಟ್ಟಿಗಳನ್ನು ಯಂತ್ರದಲ್ಲಿ ಜೋಡಿಸಿದಳು. ಒಂದು ಮೂಲೆಗೆ ಬಟ್ಟೆ ಸಾಲಲಿಲ್ಲ. ಗಂಡನ ಖಾಕಿ ಅಂಗಿಯ ಎದೆಭಾಗವನ್ನು ಜೇಬಿನ ಸಮೇತ ಕತ್ತರಿಸಿ ತೇಪೆ ಹಾಕಿದಳು. ಉಳಿದದ್ದು ಅಂಚಿನ ಕೆಲಸ. ನಾಲ್ಕೂ ಬದಿಗೆ ಹಗ್ಗ ಸೇರಿಸಿ, ದಬ್ಬಣದಿಂದ, ಕೈಯಲ್ಲೇ ಹೊಲಿಯಬೇಕು. ಅದು ಯಂತ್ರಕ್ಕೆ ಬಗ್ಗದ ಕೆಲಸ.

ದಬ್ಬಣ ಹಿಡಿದದ್ದು ಅವಳಿಗೆ ನೆನಪಿತ್ತು. ಆಮೇಲಿನದು ನೆನಪಿರಲಿಲ್ಲ. ಎಚ್ಚರವಾದಾಗ ಚಾಪೆಯ ಮೇಲಿದ್ದಳು. ಜ್ವರ ಇಳಿದಿತ್ತು. ಟಾರ್ಪಾಲು ಇರಲಿಲ್ಲ, ಲಾರಿ ಇರಲಿಲ್ಲ, ಕೂಲಿ ಯಂತ್ರದ ಕೆಳಗಿತ್ತು. ಮುಗಿಸಿ ಕೊಟ್ಟೇ ಮಲಗಿದ್ದೇನೆ ಎಂದುಕೊಂಡಳು. ಬೇರೆ ಹೇಗೆ ಅಂದುಕೊಳ್ಳಲು ಸಾಧ್ಯ? ಎದ್ದವಳೇ ಬೀದಿಗೆಲ್ಲ ಕೇಳುವಂತೆ ಕೂಗಿದಳು, "ಜ್ವರದಲ್ಲೂ ಒಬ್ಬಳೇ ಮುಗಿಸಿದೆ!"

ಎಂಟು ದಿನದಲ್ಲಿ ಇನ್ನೊಂದು ಲಾರಿ ಬಂತು. ಆಮೇಲೆ ಇನ್ನೊಂದು. ಆಮೇಲೆ ಅವಳು ಹಿಂದಿರುಗಿ ನೋಡಲಿಲ್ಲ.

ವರ್ಷಗಳಾದ ಮೇಲೆ ಹಿರಿಯ ಓರಗಿತ್ತಿಯೂ ಗಂಡನನ್ನು ಕಳೆದುಕೊಂಡು ಕೆಲಸ ಕೇಳಿಕೊಂಡು ಶೆಡ್ಡಿಗೆ ಬಂದಳು. ಹೊಲಿಗೆಯವಳು ಇಲ್ಲವೆನ್ನಲಿಲ್ಲ. ಆದರೆ ದಬ್ಬಣ ಕೊಡಲಿಲ್ಲ. ಓರಗಿತ್ತಿ ಎಡಚಿ. ಬಲಗೈಯವರ ಹೊಲಿಗೆ ಬಲಕ್ಕೆ ವಾಲುತ್ತದೆ, ಎಡಗೈಯವರದು ಎಡಕ್ಕೆ. "ಎಡಗೈ ಹೊಲಿಗೆ ನನ್ನ ಟಾರ್ಪಾಲಿಗೆ ಬೇಡ. ಗಿರಾಕಿ ಕಣ್ಣಿಗೆ ಬಿದ್ದರೆ ಹೆಸರು ಕೆಡುತ್ತೆ" ಎಂದಳು. ಶೆಡ್ಡಿನ ಕೊನೆಯ ಮೂಲೆಯಲ್ಲಿ ಕೂತು ಉಳಿದ ದಾರದ ತುದಿ ಕತ್ತರಿಸುವ ಕೆಲಸ ಕೊಟ್ಟಳು. ಒಬ್ಬಳೇ ಬಂದೆ ಎಂಬ ಮಾತನ್ನು ಓರಗಿತ್ತಿ ಆ ಮೂಲೆಯಿಂದ ದಿನಕ್ಕೊಂದು ಬಾರಿಯಾದರೂ ಕೇಳುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ.

ಈಗ ಕಾರಿನ ವಿಷಯಕ್ಕೆ ಬರೋಣ.

ಬೇವಿನ ಮರದ ಕೆಳಗಿದ್ದ ಕಾಲದಲ್ಲಿ ಒಮ್ಮೆ ಅವಳ ಮುಂದೆಯೇ ಒಂದು ಚಿಕ್ಕ ಕಾರು ಹಾದುಹೋಗಿತ್ತು. ಅದಕ್ಕೆ ಮೇಲೆ ಸೂರಿರಲಿಲ್ಲ. ಒಬ್ಬ ಹೆಂಗಸು ಓಡಿಸುತ್ತಿದ್ದಳು, ಕೂದಲು ಗಾಳಿಗೆ ಹಾರುತ್ತಿತ್ತು. ಕಾರು ಬಿಟ್ಟ ಧೂಳು ಹೊಲಿಗೆಯವಳ ಗಂಜಿಯ ಮೇಲೆ ಬಿತ್ತು. ಅವಳು ಧೂಳಿನ ಸಮೇತ ಗಂಜಿ ಕುಡಿದಳು. ಅದೇ ಹೊತ್ತಿನಲ್ಲಿ ಒಂದು ಹಟವನ್ನೂ ನುಂಗಿದಳು. ಆ ಹಟ ಹೊಟ್ಟೆಯಲ್ಲಿ ಕರಗಲಿಲ್ಲ.

ಕೊನೆಗೊಂದು ದಿನ ಅಂಥದೇ ಕಾರು ಕೊಂಡಳು. ಕೆಂಪು ಬಣ್ಣ, ಎರಡೇ ಸೀಟು. ಸೂರು ಬಟ್ಟೆಯದು. ಗುಂಡಿ ಒತ್ತಿದರೆ ಮಡಚಿಕೊಂಡು ಹಿಂದಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಎಂಜಿನ್ನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಒಳಗೆ ಕೂತು ಸೂರು ಹಾಕಿಸಿ, ಚುಕ್ಕೆ ಬೆಳಕು ಎಲ್ಲಾದರೂ ಇದೆಯೇ ಎಂದು ಹತ್ತು ನಿಮಿಷ ಮೇಲಕ್ಕೆ ನೋಡಿದಳು. "ಹೊಲಿಗೆ ಪರವಾಗಿಲ್ಲ" ಎಂದಳು. ಮಾರುವವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕಾರು ಶೆಡ್ಡಿನ ಮುಂದೆ ಬಂದು ನಿಂತ ದಿನ ಊರು ಬಾಯಿ ಬಿಟ್ಟು ನೋಡಿತು.

"ಊರಿಗೆಲ್ಲ ಸೂರು ಹೊಲಿದೋಳು ಸೂರಿಲ್ಲದ ಗಾಡಿ ತಂದಳಲ್ಲಪ್ಪ!"

"ಬಟ್ಟೆ ಸಾಲಲಿಲ್ಲ ಅಂತ ಕಾಣುತ್ತೆ."

"ಮಳೆ ಬಂದರೆ ಏನಕ್ಕಾ ಮಾಡ್ತೀರಾ?"

"ನಿನ್ನನ್ನೇ ತಲೆ ಮೇಲೆ ಹೊದ್ದುಕೋತೀನಿ ಕಣೋ" ಎಂದಳು ಅವಳು. ಎಲ್ಲರೂ ನಕ್ಕರು.

ಹೂವಿನ ಹಾರ ಹಾಕಿದರು. ಕುಂಕುಮ ಇಟ್ಟರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವ ಕೆಲಸಕ್ಕೆ ಓರಗಿತ್ತಿ ಬಗ್ಗಿದಳು. ಹೊಲಿಗೆಯವಳು ಗದರಿದಳು, "ಅಕ್ಕಾ, ಇವತ್ತೊಂದು ದಿನವಾದರೂ ಬಲಗೈ ಉಪಯೋಗಿಸು." ಓರಗಿತ್ತಿ ಹಣ್ಣನ್ನು ಬಲಗೈಗೆ ಬದಲಿಸಿಕೊಂಡಳು.

ಹೊಸ ಗಾಡಿಯಲ್ಲಿ ಮೊದಲು ಹಿರಿಯರನ್ನು ಕೂರಿಸಿ ಒಂದು ಸುತ್ತು ತರುವುದು ಆ ಕಡೆಯ ವಾಡಿಕೆ. ಓಡಿಸುವವಳ ಪಕ್ಕ ಇದ್ದದ್ದು ಒಂದೇ ಸೀಟು. ಕೇಳಿದವರು ಹಲವರು. ಮಾತು ಬಿಟ್ಟಿದ್ದ ಮೈದುನನೂ ಆವತ್ತು ಮಾತಾಡಿಸಿದ, "ಏನತ್ತಿಗೆ, ನಮ್ಮನ್ನ ಕೂರಿಸ್ಕೊಳ್ಳಲ್ವಾ?" ಕೇಳದೆ ಇದ್ದವಳು ಓರಗಿತ್ತಿ ಒಬ್ಬಳೇ.

"ಆ ಸೀಟು ಖಾಲಿ ಇರುತ್ತೆ" ಎಂದಳು ಹೊಲಿಗೆಯವಳು. "ಒಬ್ಬಳೇ ಬಂದೆ. ಒಬ್ಬಳೇ ಹೋಗ್ತೀನಿ. ಎಲ್ಲರೂ ನೋಡಲಿ."

ಅವಳ ಲೆಕ್ಕ ಇಷ್ಟೇ. ಸೂರು ತೆಗೆದು, ರೈಲ್ವೆ ಗೇಟು ದಾಟಿ, ಪೇಟೆಯೊಳಗೆ ಹಾದು, ಆ ಬೇವಿನ ಮರದವರೆಗೆ ಹೋಗಬೇಕು. ಅಲ್ಲಿ ಇಳಿದು ನಿಲ್ಲಬೇಕು. ಇಡೀ ಬದುಕು ಅವಳು ಆ ಒಂದು ನಿಲುಗಡೆಗಾಗಿ ದುಡಿದಿದ್ದಳು ಎಂದರೂ ತಪ್ಪಲ್ಲ. ಮರ ಮುಟ್ಟುವವರೆಗೆ ಸೂರು ಹಾಕುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿಯೇ ಹೊರಟಳು.

ನಿಂಬೆಹಣ್ಣು ಚಟಚಟನೆ ಒಡೆದವು. ಕಾರು ಹೆದ್ದಾರಿಗೆ ಇಳಿಯಿತು.

ಮೊದಲ ಆಘಾತ ಬಿಸಿಲಿನದು. ಇಷ್ಟು ವರ್ಷ ಅವಳು ತಾನೇ ಹೊಲಿದ ಬಟ್ಟೆಯ ನೆರಳಲ್ಲಿ ಬದುಕಿದ್ದಳು. ಬರಿ ತಲೆಯ ಮೇಲೆ ಬಿದ್ದ ಬಿಸಿಲು ಯಾರೋ ಹೊಡೆದಂತೆ ಬಿತ್ತು. ಗಾಳಿ ಸೆರಗನ್ನು ಕಿತ್ತು ಮುಖಕ್ಕೆ ಬಡಿಯಿತು. ಪಕ್ಕದಲ್ಲಿ ಬಂದ ಆಟೋದವನು ಅವಳೇ ಹೊಲಿದ ಹುಡ್ ಕೆಳಗಿಂದ ತಲೆ ಹೊರಹಾಕಿ ಕೂಗಿದ, "ಅಕ್ಕಾ, ಹುಡ್ ಹಾಕಿಸ್ಬೇಕಾ? ನಂಗೆ ಒಬ್ರು ಗೊತ್ತು, ಚೆನ್ನಾಗಿ ಹೊಲೀತಾರೆ!"

ಅವಳು ನಕ್ಕಳು. ಆದರೆ ರೈಲ್ವೆ ಗೇಟು ತಲುಪುವ ಹೊತ್ತಿಗೆ ಕಣ್ಣು ಮಂಜಾಗಿತ್ತು. ಗೇಟು ಹಾಕಿತ್ತು. ಗೂಡ್ಸ್ ರೈಲು ಬರಬೇಕಿತ್ತು. ಮುಂದೆ ಲಾರಿ, ಹಿಂದೆ ಲಾರಿ. ಒಂದು ಗುಂಡಿ ಒತ್ತಿದ್ದರೆ ನೆರಳು ಬರುತ್ತಿತ್ತು. ಆಡಿದ ಮಾತು ಅಡ್ಡ ಬಂತು. ಗುಂಡಿ ಒತ್ತುವ ಬದಲು ಕಾರನ್ನು ರಸ್ತೆಯ ಬದಿಗೆ ಇಳಿಸಿ, ಒಂದು ಟೀ ಅಂಗಡಿಯ ಚಪ್ಪರದ ಕೆಳಗೆ ತಂದು ನಿಲ್ಲಿಸಿದಳು. ಹಿಂದಕ್ಕೆ ಒರಗಿದಳು. ಸೂರಿಲ್ಲದ ಕಾರಲ್ಲಿ ಒರಗಿದರೆ ಕಣ್ಣು ಮೇಲಕ್ಕೇ ಹೋಗುತ್ತದೆ. ಅವಳ ಕಣ್ಣಿಗಂತೂ ಅದೇ ರೂಢಿ. ಬೆಳಕಿನ ಚುಕ್ಕೆ ಇದೆಯೇ ಎಂದು ನೋಡಿದಳು.

ಚುಕ್ಕೆ ಇರಲಿಲ್ಲ. ಒಂದು ಜೇಬಿತ್ತು.

ಖಾಕಿ ಜೇಬು. ಗುಂಡಿಯ ಸಮೇತ.

ಹೊಲಿಗೆಯವಳು ಸೀಟಿನ ಮೇಲೇ ಎದ್ದು ನಿಂತಳು. ಟಾರ್ಪಾಲಿನ ಅಂಚು ಅವಳ ಕೈಗೆ ಎಟುಕಿತು. ಟೀ ಅಂಗಡಿಯವನು ಕುಂಟುತ್ತ ಹೊರಗೆ ಬಂದ.

"ಹುಷಾರು ತಾಯಿ, ಬೀಳ್ತೀರಾ."

"ಈ ಟಾರ್ಪಾಲು ಎಲ್ಲಿಂದ ಬಂತು?"

"ನನ್ನ ಲಾರೀದು. ಕಾಲು ಹೋಯ್ತು, ಲಾರಿ ಮಾರ್ದೆ. ಇದನ್ನ ಮಾತ್ರ ಕೊಡ್ಲಿಲ್ಲ. ಈ ಊರಿಗೆ ಬಂದು ಅಂಗಡಿ ಹಾಕಿ ಇನ್ನೂ ತಿಂಗಳಾಗಿಲ್ಲ. ಬಿಸಿಲಿಗೆ ಹಾಳಾಗ್ಬಾರ್ದು ಅಂತ ಮೇಲೊಂದು ಪ್ಲಾಸ್ಟಿಕ್ ಹೊದಿಸಿದೀನಿ. ನನ್ನ ಆಯುಸ್ಸಲ್ಲಿ ಒಂದು ಹನಿ ಒಳಗೆ ಬಿಟ್ಟಿಲ್ಲ ಇದು."

"ಇದನ್ನ ಹೊಲಿದವಳು ನಾನು!" ಅವಳು ಅಂಚನ್ನು ಜಗ್ಗಿ ತೋರಿಸಿದಳು. "ಜ್ವರದಲ್ಲಿ. ಒಬ್ಬಳೇ. ನೋಡು, ಈ ಅಂಚು ನೋಡು, ಯಾವ ಯಂತ್ರವೂ ಹೀಗೆ..."

ಬೆರಳು ಅಂಚಿನ ಮೇಲೆ ಓಡುತ್ತಿತ್ತು. ಹೊಲಿಗೆ ಬಲಕ್ಕೆ ವಾಲಿತ್ತು. ಒಂದು ಬದಿ ಮುಗಿಯಿತು. ಎರಡನೆಯ ಬದಿಯ ನಡುವೆ ಬೆರಳು ನಿಂತಿತು.

ಅಲ್ಲಿಂದ ಮುಂದೆ ಹೊಲಿಗೆ ಎಡಕ್ಕೆ ವಾಲಿತ್ತು.

ಅವಳು ಕಾರಿನಿಂದ ಇಳಿದಳು. ಚಪ್ಪರದ ಸುತ್ತ ತಲೆ ಎತ್ತಿಕೊಂಡೇ ನಡೆದಳು. ಮೂರನೆಯ ಬದಿ, ಎಡಕ್ಕೆ. ನಾಲ್ಕನೆಯ ಬದಿ, ಎಡಕ್ಕೆ. ಒಂದೂವರೆ ಬದಿ ಅವಳದು. ಎರಡೂವರೆ ಬದಿ ಅವಳದಲ್ಲ. ಬರಹ ನೋಡಿ ಬರೆದವರನ್ನು ಹೇಳುವವರಿದ್ದಾರೆ. ಅವಳು ಹೊಲಿಗೆ ನೋಡಿ ಹೇಳಬಲ್ಲಳು. ಎಡಗೈಯಲ್ಲಿ ದಬ್ಬಣ ಹಿಡಿಯುವವರು ಆ ಊರಿನಲ್ಲಿ ಒಬ್ಬರೇ ಇದ್ದರು.

ಟೀ ಅಂಗಡಿಯವನಿಗೆ ಇದಾವುದೂ ತಿಳಿಯದು. ಅವನು ಸಂತೋಷದಲ್ಲಿದ್ದ.

"ಬೇವಿನ ಮರದ ತಾಯಿ ನೀವೇನಾ! ಗುರುತೇ ಸಿಗ್ಲಿಲ್ಲ. ಇನ್ನೊಬ್ರು ಹೇಗಿದಾರೆ?"

"ಯಾವ ಇನ್ನೊಬ್ಬರು?"

"ಅದೇ, ಎಡಗೈಯವರು. ನಾನು ಬಂದಾಗ ನೀವು ಟಾರ್ಪಾಲಿನ ಮೇಲೇ ಬಿದ್ದು ನಿದ್ದೆ ಮಾಡ್ತಿದ್ರಿ. ಆಯಮ್ಮ ಆ ತುದೀಲಿ ಕೂತು ಹೊಲೀತಿದ್ರು. ಬೆರಳಿಗೆ ಚಿಂದಿ ಸುತ್ಕೊಂಡಿದ್ರು, ಚಿಂದಿಯೆಲ್ಲ ರಕ್ತ. ಎಬ್ಬಿಸ್ಲಾ ಅಂದೆ. ಬೇಡ, ಈಗ ಜ್ವರ ಇಳೀತಿದೆ ಅಂದ್ರು. ಆಮೇಲೆ ನಿಮ್ಮನ್ನ ಮೆಲ್ಲಗೆ ಚಾಪೆಗೆ ಹೊರಳಿಸಿ ಟಾರ್ಪಾಲು ಎಳ್ಕೊಟ್ರು. ನಾನು ಹೋದ ಕಡೆಯೆಲ್ಲ ಡ್ರೈವರ್‌ಗಳಿಗೆ ಹೇಳ್ದೆ, ಆ ಮರದ ಹತ್ರ ಇಬ್ರು ಹೆಣ್ಮಕ್ಳಿದಾರೆ, ಕಣ್ಣುಮುಚ್ಚಿ ಕೆಲಸ ಕೊಡಿ ಅಂತ."

ರೈಲು ಬಂತು, ಹೋಯಿತು. ಗೇಟು ಎದ್ದಿತು. ಲಾರಿಗಳು ಹೊರಟವು. ಹೊಲಿಗೆಯವಳು ನಿಂತೇ ಇದ್ದಳು. ಅಂಗಡಿಯವನು ಕೈಗೆ ಕೊಟ್ಟ ಟೀ ಕೆನೆಗಟ್ಟಿತು. ಆ ಚಪ್ಪರದ ಕೆಳಗೆ ಸಾಸಿವೆಯಷ್ಟೂ ಬೆಳಕು ಸೋರುತ್ತಿರಲಿಲ್ಲ. ಸೋರುತ್ತಿದ್ದದ್ದು ಅವಳು ಅಷ್ಟು ವರ್ಷ ಹೊದ್ದುಕೊಂಡಿದ್ದ ಮಾತು.

ಕಾರಿನಲ್ಲಿ ಕೂತಾಗ ಅವಳಿಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಸೂರಿನ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಬೇವಿನ ಮರ ಗೇಟಿನ ಆಚೆಗಿತ್ತು. ಅವಳು ಕಾರನ್ನು ಹಿಂದಕ್ಕೆ ತಿರುಗಿಸಿದಳು. ತಲೆ ಎತ್ತಿ ಹೋದವಳು ಅರ್ಧ ದಾರಿಯಿಂದ ಮರಳುವುದನ್ನು, ಅಳುತ್ತ ಮರಳುವುದನ್ನು, ದಾರಿಯುದ್ದಕ್ಕೂ ಎಲ್ಲರೂ ನೋಡಿದರು. ನೋಡಲಿ ಎಂದೇ ಅಲ್ಲವೇ ಅವಳು ಹೊರಟದ್ದು.

ಶೆಡ್ಡಿನಲ್ಲಿ ಯಂತ್ರಗಳು ನಿಂತವು. ಗುದ್ದಿಸಿಕೊಂಡಳೇನೋ ಎಂದು ಒಬ್ಬರು ಕಾರಿನ ಮೂತಿ ನೋಡಲು ಓಡಿದರು. ಅವಳು ಯಾರನ್ನೂ ನೋಡದೆ ಕೊನೆಯ ಮೂಲೆಗೆ ನಡೆದಳು. ಓರಗಿತ್ತಿ ದಾರದ ತುದಿ ಕತ್ತರಿಸುತ್ತ ಕೂತಿದ್ದಳು. ಹೊಲಿಗೆಯವಳು ನೆಲದ ಮೇಲೆ ಅವಳ ಎದುರಿಗೆ ಕುಸಿದು ಕೂತಳು.

"ಅಕ್ಕಾ, ಆ ಮೊದಲನೇ ಟಾರ್ಪಾಲು."

ಓರಗಿತ್ತಿಯ ಕತ್ತರಿ ನಿಂತಿತು. "ಯಾರು ಹೇಳಿದ್ರು?"

"ಹೊಲಿಗೆ ಹೇಳಿತು."

ಓರಗಿತ್ತಿ ಮತ್ತೆ ಒಂದು ದಾರ ಹಿಡಿದು ಕತ್ತರಿಸಿದಳು. "ಜ್ವರ ಅಂತ ಗೊತ್ತಾಗಿ ಗಂಜಿ ತಂದಿದ್ದೆ. ನೀನು ದಬ್ಬಣ ಹಿಡ್ಕೊಂಡೇ ಮಲಗಿದ್ದೆ. ನೋಡ್ಕೊಂಡು ಹೇಗೆ ಹೋಗ್ಲಿ?"

"ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ? ನಿನ್ನ ಕೈಗೆ ದಬ್ಬಣವನ್ನೇ ಕೊಡಲಿಲ್ಲವಲ್ಲ, ಆಗಲಾದರೂ ನನ್ನ ಕೆನ್ನೆಗೆ ಹೊಡೆದು ಹೇಳಬಾರದಿತ್ತಾ?"

"ಎದ್ದವಳೇ ಒಬ್ಬಳೇ ಮುಗಿಸಿದೆ ಅಂತ ಕುಣಿದೆಯಲ್ಲ. ನಿನ್ನ ಗಂಡ ಹೋದ ಮೇಲೆ ನೀನು ನಕ್ಕಿದ್ದು ಅದೇ ಮೊದಲು." ಓರಗಿತ್ತಿ ಕತ್ತರಿಯನ್ನು ಕೆಳಗಿಟ್ಟಳು. "ಅವತ್ತು ಹೇಳಿದ್ರೆ ನೀನು ಎರಡನೇದು ಹೊಲೀತಾನೇ ಇರ್ಲಿಲ್ಲ ಕಣೇ."

ಹೊಲಿಗೆಯವಳಿಗೆ ನಿಜವಾದ ಪೆಟ್ಟು ಬಿದ್ದದ್ದು ಆಗ. ಎರಡೂವರೆ ಬದಿ ಹೊಲಿಗೆ ಇನ್ನೊಬ್ಬಳದು ಎಂಬುದನ್ನು ಅವಳು ಹೇಗೋ ತಾಳಿಕೊಂಡಿದ್ದಳು. ಒಬ್ಬಳೇ ಬಂದೆ ಎಂಬ ಹೆಮ್ಮೆಯನ್ನೂ ಇನ್ನೊಬ್ಬಳೇ ಕೊಟ್ಟದ್ದು ಎಂದು ತಿಳಿದಾಗ ಅವಳ ಬಳಿ ತನ್ನದು ಎನ್ನಲು ಆ ಕ್ಷಣ ಏನೂ ಉಳಿಯಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ತಿಪ್ಪೇಶನಿಗೆ ತಡೆಯಲಾಗಲಿಲ್ಲ.

"ಓರಗಿತ್ತಿ ಆ ಸೀಟಿನಲ್ಲಿ ಕೂತಳೇ ಗುರುಗಳೇ?"

"ಕೂತಳು. ಕೈಯಲ್ಲಿ ದಬ್ಬಣವಿತ್ತು. ತಲೆ ಮೇಲೆ ಏನೂ ಇಲ್ಲದ ಇದೆಂಥ ದರಿದ್ರ ಗಾಡಿಯೇ ಎಂದು ಬೇವಿನ ಮರದವರೆಗೂ ಬೈದಳು."

ತಿಪ್ಪೇಶ ನಕ್ಕ. ಆಮೇಲೆ ಕಾಗದವನ್ನು ತಿರುಗಿಸಿ ನೋಡಿ ಹೇಳಿದ, "ಆದರೂ ಗುರುಗಳೇ, ಅವಳು ಸುಳ್ಳು ಹೇಳಿದವಳಲ್ಲ. ನಂಬಿದ್ದನ್ನು ಹೇಳುತ್ತಿದ್ದಳು. ಮತ್ತೆ ಅವಳ ಮಾತು ಬೇರೆ, ನನ್ನ ಮಾತು ಬೇರೆ. ನನಗೆ ನಿಜವಾಗಿಯೂ ಯಾರೂ ಇರಲಿಲ್ಲ. ನನಗದು ಚೆನ್ನಾಗಿ ಗೊತ್ತು."

ಗುರುಗಳು ಕೇಳಿದರು, "ನೀನು ನಿದ್ದೆಹೋದಾಗ ಯಾರು ಎಚ್ಚರವಿದ್ದರು ಎಂಬುದು ನಿನಗೆ ಹೇಗೆ ಗೊತ್ತು?"